ಸೂರ್ಯನಿಲ್ಲದ ಸೀನರಿ

ಕಗ್ಗದಾಸಪುರದ ಮುಖ್ಯರಸ್ತೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಕೆಂಪರಾಜ್ ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ತನ್ನ ಇಷ್ಟದ ಚಿತ್ರವೊಂದನ್ನು ಬರೆದ. ಅದರಿಂದ ಒಂದು ನಾಮಕರಣ ಕೆಟ್ಟಿತು, ಒಂದು ಆರತಕ್ಷತೆಯಲ್ಲಿ ಜನ ಕಣ್ಣೊರೆಸಿಕೊಂಡರು, ಅವನ ಸ್ವಂತ ಮಗಳ ಮದುವೆ ನಿಂತೇಹೋಗುವುದರಲ್ಲಿತ್ತು. ಚಿತ್ರ ಚೆನ್ನಾಗಿಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ.

ನಾನು ಪಕ್ಕದ ಸಿ.ವಿ. ರಾಮನ್ ನಗರದಲ್ಲಿದ್ದೇನೆ. ನನ್ನ ಗೇಟಿನ ನಾಮಫಲಕ ಕೆಂಪರಾಜನೇ ಬರೆದದ್ದು. ಹೆಸರಿನ ಮುಂದೆ ‘ಡಾ.’ ಎಂದು ಬರೆಯಲು ಹೇಳಿದ್ದೆ. ಬರೆಯಲಿಲ್ಲ. ಕೇಳಿದರೆ, “ಎಡಗಡೆ ತೂಕ ಜಾಸ್ತಿ ಆಗುತ್ತೆ ಮೇಡಂ, ಬೋರ್ಡ್ ವಾಲ್ದಂಗೆ ಕಾಣ್ಸುತ್ತೆ” ಎಂದ. ವರ್ಷಗಟ್ಟಲೆ ಓದಿ ಪಡೆದ ಪದವಿ ಹೀಗೆ ತೂಕದ ಕಾರಣದಿಂದ ಬಿದ್ದುಹೋಯಿತು. ಮನುಷ್ಯ ಎಂಥವನೆಂದು ನನಗೆ ಅಂದೇ ತಿಳಿಯಿತು.

ಅವನು ಹುಟ್ಟಿದಾಗ ಕಗ್ಗದಾಸಪುರ ಹಳ್ಳಿ. ಕೆರೆ, ರಾಗಿ ಹೊಲ, ಈಚಲು ಮರ, ಅಷ್ಟೇ. ಓದು ಹತ್ತಲಿಲ್ಲವೆಂದು ಅಪ್ಪ ಅವನನ್ನು ಶಿವಾಜಿನಗರಕ್ಕೆ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬೋರ್ಡ್ ಬರೆಯುವ ಉಸ್ತಾದರೊಬ್ಬರ ಬಳಿ ಬಿಟ್ಟ. ಅಲ್ಲಿ ಅವನು ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕನ್ನೂ ಬರೆಯಲು ಕಲಿತ, ಒಂದನ್ನೂ ಸರಿಯಾಗಿ ಓದಲು ಕಲಿಯಲಿಲ್ಲ. ಉಸ್ತಾದರ ಪಾಠ ಒಂದೇ: ಬೋರ್ಡು ಬಸ್ಸಿನಲ್ಲಿ ಕುಳಿತವನಿಗೂ ಕಾಣಬೇಕು. ಕೆಂಪಿನ ಮೇಲೆ ಹಳದಿ, ಹಳದಿಯ ಮೇಲೆ ನೀಲಿ. ಮಾಂಸದಂಗಡಿ, ಕನ್ನಡಕದಂಗಡಿ, ಬಿರಿಯಾನಿ ಹೋಟೆಲು, ಎಲ್ಲಕ್ಕೂ ಕಿರುಚುವ ಬಣ್ಣ. ಎಷ್ಟೋ ವರ್ಷ ಹಾಗೆ ಕಿರುಚಿದ ಮೇಲೆ ಫ್ಲೆಕ್ಸ್ ಬಂದು ಕುಂಚದ ಕೆಲಸ ಮುಗಿಯಿತು. ಕೆಂಪರಾಜ್ ಊರಿಗೆ ಮರಳಿ ತಾನೇ ಫ್ಲೆಕ್ಸ್ ಅಂಗಡಿ ತೆರೆದ.

ಆ ಅಂಗಡಿಯಲ್ಲಿ ಎರಡೇ ಬಗೆಯ ಕೆಲಸ. ಒಂದು ಹುಟ್ಟುಹಬ್ಬದ ಶುಭಾಶಯ, ಇನ್ನೊಂದು ಭಾವಪೂರ್ಣ ಶ್ರದ್ಧಾಂಜಲಿ. ಹುಟ್ಟುಹಬ್ಬಕ್ಕೆ ಹಳದಿ, ಕೇಸರಿ, ಕಿರೀಟ, ಸಿಂಹ, ಕೆಳಗೆ ಅಭಿಮಾನಿಗಳ ಸಾಲು ಸಾಲು ತಲೆ. ಶ್ರದ್ಧಾಂಜಲಿಗೆ ಬೂದುಬಣ್ಣದ ಮೋಡ, ನಿಂತ ನೀರು, ಮೇಲೆ ನಡುವೆ ತೀರಿಕೊಂಡವರ ಭಾವಚಿತ್ರ, ಕೆಳಗೆ ಹೆಸರು, ಜನನ, ಮರಣ. ಎರಡನ್ನೂ ಒಮ್ಮೆ ಮಾಡಿಟ್ಟುಕೊಂಡಿದ್ದ. ಹೆಸರು ಮುಖ ಬದಲಾಗುತ್ತಿದ್ದವು, ಉಳಿದದ್ದೆಲ್ಲ ಹಾಗೇ. ಕಂಪ್ಯೂಟರಿನ ಮುಂದೆ ಕೂರುವವಳು ಮಗಳು ಯಮುನಾ. ಕೆಂಪರಾಜ್ ಹಿಂದೆ ನಿಂತು “ಮೇಲಕ್ಕೆ, ಇನ್ನೂ ಮೇಲಕ್ಕೆ, ಸಾಕು” ಎನ್ನುತ್ತಿದ್ದ.

ಯಮುನಾಳಿಗೆ ಹೊಸಕೋಟೆ ಕಡೆಯ ಗಂಡು ಗೊತ್ತಾಯಿತು. ಹುಡುಗನ ಹೆಸರು ಸೂರ್ಯ, ಇಂದಿರಾನಗರದಲ್ಲಿ ಲಿಫ್ಟ್ ರಿಪೇರಿ ಕೆಲಸ. ಆ ಹೊತ್ತಿಗೆ ಊರಿನ ಹಳೆಯ ಕುಳ ಆದಿನಾರಾಯಣಪ್ಪನವರು ತಮ್ಮ ರಾಗಿ ಹೊಲದಲ್ಲಿ ಕಲ್ಯಾಣ ಮಂಟಪ ಕಟ್ಟಿ ಮುಗಿಸಿದ್ದರು. ವೇದಿಕೆಯ ಹಿಂದೆ ಎರಡಾಳೆತ್ತರದ ಬೋಳು ಗೋಡೆ. ಅದರ ಮೇಲೊಂದು ಸೀನರಿ ಬರೆದುಕೊಟ್ಟರೆ ಯಮುನಾಳ ಮದುವೆಗೆ ಮಂಟಪ ಬಿಟ್ಟಿ ಎಂದರು. ಮದುವೆಗೆ ಗೊತ್ತುಮಾಡಿದ್ದು ಮುಹೂರ್ತಗಳ ತಿಂಗಳು. ಹಲಸೂರಿನಿಂದ ಕೆ.ಆರ್. ಪುರದವರೆಗೆ ಎಲ್ಲಿಯೂ ಮಂಟಪ ಖಾಲಿ ಇರಲಿಲ್ಲ. ಕೆಂಪರಾಜ್ ಒಪ್ಪಿದ.

ಸೀನರಿ ಎಂಬ ಮಾತಿಗೆ ನಮ್ಮಲ್ಲಿ ಒಂದೇ ಅರ್ಥ. ತ್ರಿಕೋನದ ಎರಡು ಬೆಟ್ಟ, ನಡುವೆ ಅರ್ಧ ಹುಟ್ಟಿದ ಸೂರ್ಯ, ಅವನ ಬುಡದಿಂದಲೇ ಹೊರಟ ಹೊಳೆ, ಹೊಳೆಯ ದಡದಲ್ಲಿ ಹೆಂಚಿನ ಮನೆ, ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಇಂಥ ಜಾಗವನ್ನು ಕಂಡವರು ಬೆಂಗಳೂರಿನಲ್ಲಿ ಯಾರೂ ಇಲ್ಲ. ಆದರೂ ಇಲ್ಲಿನ ಪ್ರತಿ ಮಗುವೂ ಇದನ್ನೇ ಬರೆಯುತ್ತದೆ. ಆದಿನಾರಾಯಣಪ್ಪನವರು ಕೇಳಿದ್ದೂ ಇದನ್ನೇ.

ಕೆಂಪರಾಜ್ ಗೋಡೆಗೆ ಅಡ್ಡ ಪರದೆ ಕಟ್ಟಿಕೊಂಡು ತಿಂಗಳು ಮೀರಿ ಕೆಲಸ ಮಾಡಿದ. ಬರೆದದ್ದು ಕಗ್ಗದಾಸಪುರದ ಕೆರೆಯನ್ನು, ತಾನು ಹುಡುಗನಾಗಿದ್ದಾಗಿನ ಧನುರ್ಮಾಸದ ಮುಂಜಾವಿನಲ್ಲಿ. ಕಿರುಚುವ ಬಣ್ಣ ಅವನಿಗೆ ಸಾಕಾಗಿತ್ತು. ಆಚೆಯ ದಡ ಮಂಜಿನಲ್ಲಿ ಕರಗಿ ರಾಗಿ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಎಡಬದಿಯಲ್ಲಿ ತುಸು ಬಲಕ್ಕೆ ವಾಲಿದ ಒಂದು ಈಚಲು ಮರ. ತಳದಲ್ಲಿ ಆ ಬದಿಗೊಂದು ಈ ಬದಿಗೊಂದು ಬಟ್ಟೆ ಒಗೆಯುವ ಕಲ್ಲು. ನೀರು ಅಲುಗುತ್ತಿರಲಿಲ್ಲ. ದಡದ ಗೆರೆಯನ್ನು ತೀರ ಕೆಳಗಿಳಿಸಿದ್ದರಿಂದ ಗೋಡೆಯ ಮುಕ್ಕಾಲು ಭಾಗ ಬರಿಯ ಆಕಾಶ, ಒಗೆದು ಒಗೆದು ಸವೆದ ಪಂಚೆಯಂಥ ಆಕಾಶ.

ಬಣ್ಣದ ಬಗ್ಗೆ ಅವನು ನನಗೆ ಉಪನ್ಯಾಸ ಕೊಟ್ಟಿದ್ದಾನೆ, ಅದೂ ನನ್ನ ಗೇಟಿನ ಮುಂದೆ, ಹಾಲಿನವನು ಕಾಯುತ್ತಿರುವಾಗ. ಬಣ್ಣ ಮಂಕಾಗಬೇಕಾದರೆ ಕಪ್ಪು ಬೆರೆಸಬಾರದಂತೆ. ಕಪ್ಪು ಬೆರೆಸಿದರೆ ಕೊಳೆ. ಹಸಿರಿಗೆ ಚೂರು ಕೆಂಪು ಬೆರೆಸಿದರೆ ಹಸಿರು ತಾನಾಗಿ ದನಿ ತಗ್ಗಿಸುತ್ತದೆ. “ಆ ಗೋಡೆ ಮೇಲೆ ಎಲ್ಲೂ ಕೆಂಪು ಕಾಣಲ್ಲ ಮೇಡಂ, ಆದ್ರೆ ಎಲ್ಲದ್ರಲ್ಲೂ ನಾನಿದೀನಿ” ಎಂದ, ತನ್ನ ಹೆಸರನ್ನು ಉದ್ದೇಶಿಸಿ. ವಿನಯ ಅವನ ಗುಣವಲ್ಲ. ಬಣ್ಣದ ಮಾತು ಮಾತ್ರ ಸರಿಯಾಗಿತ್ತು.

ಪರದೆ ತೆಗೆದ ದಿನ ಆದಿನಾರಾಯಣಪ್ಪನವರು ಗೋಡೆಯನ್ನೊಮ್ಮೆ, ಮೇಲಿನ ದೀಪಗಳನ್ನೊಮ್ಮೆ ನೋಡಿದರು. ಆಮೇಲೆ, “ಕರೆಂಟ್ ಹೋಗಿದ್ಯಾ?” ಎಂದರು.

“ಇಲ್ಲ ಅಣ್ಣ, ಲೈಟೆಲ್ಲಾ ಆನ್ ಇದೆ.”

“ಮತ್ಯಾಕೋ ಇಷ್ಟು ಮಂಕಾಗಿದೆ? ಬೆಟ್ಟ ಎಲ್ಲಿ?”

“ನಮ್ಮೂರಲ್ಲಿ ಬೆಟ್ಟ ಇಲ್ಲವಲ್ಲ ಅಣ್ಣ.”

“ಸೂರ್ಯ? ಅದೂ ನಮ್ಮೂರಲ್ಲಿ ಇಲ್ವಾ?”

“ಮಂಜು ಅಣ್ಣ. ಇನ್ನೂ ಕಾಣ್ಸಿಲ್ಲ. ಸೂರ್ಯ ಹಾಕಿದ್ರೆ ಮರಕ್ಕೆ ನೆರಳು ಹಾಕ್ಬೇಕು, ಕಲ್ಲಿಗೆ ನೆರಳು ಹಾಕ್ಬೇಕು. ಆ ಹೊತ್ತಲ್ಲಿ ನೆರಳೇ ಇರಲ್ಲ.”

“ನೆರಳ್ ನೋಡಕ್ಕೆ ಯಾವನ್ ಬರ್ತಾನೋ ಮದುವೆಗೆ?” ಎಂದು ಗೊಣಗಿಕೊಂಡು ಹೋದರು. ಆದರೆ ಅವರೂ ಆ ಕೆರೆಯಲ್ಲಿ ಈಜಿದವರೇ. ಒಗೆಯುವ ಕಲ್ಲಿನ ಮೇಲೆ ತಮ್ಮ ತಾಯಿ ಕೂರುತ್ತಿದ್ದ ಜಾಗ ಗುರುತು ಸಿಕ್ಕಿತ್ತು. ಅಂದು ಹೆಚ್ಚು ಜಗಳವಾಡಲಿಲ್ಲ.

ಮಂಟಪದಲ್ಲಿ ಮೊದಲು ನಡೆದದ್ದು ಒಂದು ನಾಮಕರಣ. ಬಂದವರೆಲ್ಲ ಬಾಗಿಲಲ್ಲೇ ದನಿ ತಗ್ಗಿಸಿದರು. ಮಗುವಿನ ಕಡೆಯ ದೂರದ ನೆಂಟರೊಬ್ಬರು ತಡವಾಗಿ ಬಂದು, ವೇದಿಕೆ ನೋಡಿ, ತಿರುಗಿ ಹೋಗಿ ದೊಡ್ಡದೊಂದು ಗುಲಾಬಿ ಹಾರ ತಂದರು. ಅದನ್ನು ಗೋಡೆಯ ಬುಡದಲ್ಲಿಟ್ಟು, ಚಪ್ಪಲಿ ಕಳಚಿ, ಕಣ್ಣು ಮುಚ್ಚಿ ನಿಂತರು. ಬಳಿಕ ಮಗುವಿನ ತಾತನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದರು:

“ಯಾವಾಗ ಆಯ್ತು?”

“ಇವತ್ತಿಗೆ ಹನ್ನೊಂದು ದಿನ.”

“ಹನ್ನೊಂದನೇ ದಿನಕ್ಕೇ ಇಟ್ಕೊಂಡ್ರಾ. ಒಳ್ಳೇದು. ನೋವು ತಿಂದ್ರಾ?”

“ರಾತ್ರಿಯೆಲ್ಲಾ ತಿಂದ್ಲು. ಬೆಳಗ್ಗೆ ಹೊತ್ತಿಗೆ ಆಯ್ತು.”

“ಹೋಗ್ಲಿ ಬಿಡಿ, ಸಲೀಸಾಗಿ ಆಯ್ತಲ್ಲ. ವಯಸ್ಸೆಷ್ಟು?”

ತಾತ ಅವರ ಮುಖವನ್ನೇ ನೋಡಿದರು. ಮುಂದಿನದು ನನಗೆ ಪೂರ್ತಿ ತಿಳಿಯದು. ಅಂದು ಪಾಯಸ ಬಹಳ ಉಳಿಯಿತೆಂದು ಅಡುಗೆಯವರು ಹೇಳಿದರು.

ಎರಡನೆಯದು ಆರತಕ್ಷತೆ. ಅದಕ್ಕೆ ನಾನೂ ಹೋಗಿದ್ದೆ. ಮದುಮಕ್ಕಳ ಎರಡು ದೊಡ್ಡ ಕುರ್ಚಿಗಳನ್ನು ವೇದಿಕೆಯ ನಟ್ಟನಡುವೆ ಎತ್ತರದ ಪೀಠದ ಮೇಲೆ ಇಟ್ಟಿದ್ದರು. ಅವರಿಬ್ಬರ ತಲೆಗಳು ಸರಿಯಾಗಿ ಆ ಖಾಲಿ ಆಕಾಶದಲ್ಲಿ ಬಂದಿದ್ದವು. ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತವರು ಹತ್ತಿರ ಬರುತ್ತಿದ್ದಂತೆ ಮಾತು ನಿಲ್ಲಿಸುತ್ತಿದ್ದರು. ವಾದ್ಯದವರು ಕುಣಿಯುವ ಹಾಡಿನಿಂದ ಆರಂಭಿಸಿ ಅರ್ಧ ಗಂಟೆಯಲ್ಲಿ ಜೋಗುಳದ ವೇಗಕ್ಕೆ ಇಳಿದರು. ರಕ್ಷಣಾ ಸಂಶೋಧನೆಯ ಕ್ಯಾಂಪಸ್ಸಿನಿಂದ ನಿವೃತ್ತರಾದ ಒಬ್ಬರು ಮದುಮಗನ ಕೈ ಹಿಡಿದು, “ಧೈರ್ಯ ತಂದ್ಕೊಳ್ಳಿ. ನಮ್ಮ ಕೈಲಿ ಏನಿದೆ?” ಎಂದರು. ಮದುಮಗ, “ಹೌದು ಸಾರ್” ಎಂದ. ಮದುಮಗಳು ಅವನ ಕಡೆ ತಿರುಗಿ ನೋಡಿದಳು. ನಾನೂ ನಗಲಿಲ್ಲ. ಅದು ನನ್ನ ಎಂದಿನ ಅಭ್ಯಾಸವಾದ್ದರಿಂದ ಸಾಕ್ಷ್ಯಕ್ಕೆ ಬರುವುದಿಲ್ಲ.

ಕಾರಣ ಕಂಡುಹಿಡಿದವಳು ಅಪ್ಪನ ಜೊತೆ ಆ ಆರತಕ್ಷತೆಗೆ ಬಂದಿದ್ದ ಯಮುನಾ. ಫೋಟೋದವನ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇಡೀ ಗೋಡೆ, ನಡುವೆ ಎರಡು ಮುಖ ಕಂಡದ್ದೇ ಅವಳು ತನ್ನ ಫೋನಿನಲ್ಲಿ ಅಂಗಡಿಯ ಒಂದು ಫ್ಲೆಕ್ಸ್ ತೆಗೆದು ಅಪ್ಪನ ಮುಂದೆ ಹಿಡಿದಳು.

“ಅಪ್ಪಾ, ಇದು ನಮ್ಮ ಅಂಗಡಿ ಶ್ರದ್ಧಾಂಜಲಿ.”

“ಯಾವುದು?”

“ನಿನ್ನ ಸೀನರಿ. ನೋಡು, ಇಲ್ಲಿ ಫೋಟೋಗೆ ಜಾಗ ಬಿಟ್ಟಿದೀಯ. ಕೆಳಗೆ ನೀರಲ್ಲಿ ಹೆಸರಿಗೆ ಜಾಗ ಬಿಟ್ಟಿದೀಯ. ಆ ಕಡೆ ಕಲ್ಲು ಈ ಕಡೆ ಕಲ್ಲು, ಜನನ ಮರಣ.”

ಕೆಂಪರಾಜ್ ಮರುದಿನ ಬೆಳಿಗ್ಗೆ ಟೇಪು ಹಿಡಿದು ಗೋಡೆ ಅಳೆದ. ಆಮೇಲೆ ಫ್ಲೆಕ್ಸ್ ಅಳೆದ. ಪ್ರಮಾಣ ಒಂದೇ ಆಗಿತ್ತು. ವರ್ಷಗಟ್ಟಲೆ ಸತ್ತವರಿಗೆ ಜಾಗ ಬಿಟ್ಟು ಬಿಟ್ಟು ಅವನ ಕೈ ಅದನ್ನೇ ರೂಢಿ ಮಾಡಿಕೊಂಡಿತ್ತು. ಜನ ಅತ್ತದ್ದು ಬಣ್ಣ ಮಂಕಾಗಿದ್ದರಿಂದ ಮಾತ್ರವಲ್ಲ. ಅದೇ ಬಣ್ಣದಲ್ಲಿ ಬೇರೆ ಕಡೆ ಮರ ನಿಲ್ಲಿಸಿದ್ದರೆ ತಣ್ಣಗಿನ ಬೆಳಗು ಎನಿಸುತ್ತಿತ್ತು, ಅಷ್ಟೇ. ಎಲ್ಲ ಗೆರೆಗಳೂ ಪಕ್ಕಕ್ಕೆ ಸರಿದು ನಡುವೆ ಒಂದು ಜಾಗ ಬಿಟ್ಟರೆ, ನೋಡುವವನು ಅಲ್ಲಿ ಯಾರೋ ಬರಬೇಕೆಂದು ಕಾಯತೊಡಗುತ್ತಾನೆ. ಬಣ್ಣ ಮಂಕಾಗಿದ್ದರೆ ಯಾರು ಬರಬೇಕೆಂಬುದೂ ಅವನಿಗೆ ತಿಳಿದುಬಿಡುತ್ತದೆ.

“ಹಂಗಾದ್ರೆ ಆ ಫ್ಲೆಕ್ಸೇ ಅಷ್ಟು ಚೆನ್ನಾಗಿದೆ ಅಂತ ಆಯ್ತು” ಎಂದ ಕೆಂಪರಾಜ್, ಟೇಪು ಸುತ್ತುತ್ತ.

ಹೆಂಡತಿ ಭಾಗ್ಯಲಕ್ಷ್ಮಿ ಅಂಗಡಿಗೇ ಬಂದಳು. “ಊರಲ್ಲಿ ಸತ್ತೋರಿಗೆಲ್ಲಾ ಬೋರ್ಡ್ ಮಾಡಿದ್ದು ಸಾಲ್ದು ಅಂತ ಮಗಳ ಮದುವೆಗೂ ಅದನ್ನೇ ಬರ್ದಿಟ್ರೇನ್ರೀ?”

“ಅದು ಕೆರೆ ಕಣೇ.”

“ಕೆರೆ ಅಂತ ನಿಮಗೆ ಗೊತ್ತು. ಬೀಗರಿಗೆ ಯಾರ್ರೀ ಹೇಳೋದು? ಬಾಗಿಲಲ್ಲಿ ಪನ್ನೀರು ಹಾಕ್ತಾ ಒಬ್ಬೊಬ್ಬರಿಗೂ ಹೇಳ್ಲಾ, ಯಾರೂ ಸತ್ತಿಲ್ಲ, ಒಳಗೆ ಬನ್ನಿ ಅಂತ?”

ಆದಿನಾರಾಯಣಪ್ಪನವರು ಗಡುವು ಕೊಟ್ಟರು. ಮದುವೆಯೊಳಗೆ ಸೂರ್ಯನನ್ನು ಬರೆ, ಇಲ್ಲವೇ ಗೋಡೆಗೆ ಸುಣ್ಣ ಬಳಿಸಿ ಜಲಪಾತದ ಫ್ಲೆಕ್ಸ್ ಹಾಕಿಸುತ್ತೇನೆ.

“ಗಂಡಿನ ಹೆಸರೇ ಸೂರ್ಯ ಅಣ್ಣ. ಅವನೇ ಹೋಗಿ ಆ ಜಾಗದಲ್ಲಿ ನಿಂತ್ಕೋತಾನೆ ಬಿಡಿ.”

“ನಿಂತ್ರೆ ಅವನೇ ಹೋದಂಗ್ ಕಾಣ್ತಾನಲ್ಲೋ!”

ಮುಚ್ಚಿ ನೋಡೋಣ ಎಂದು ಶಾಮಿಯಾನದ ಬಿಳಿ ಬಟ್ಟೆ ಹೊದಿಸಿ ನೋಡಿದರು. ಎರಡಾಳೆತ್ತರದ ಬಿಳಿ ಬಟ್ಟೆ ಹೊದ್ದ ಗೋಡೆಯನ್ನು ಕಂಡು ಅಡುಗೆಯವರು ಕೆಲಸ ಬಿಟ್ಟು ಆಚೆ ನಿಂತರು. ತೆಗೆಯಬೇಕಾಯಿತು.

ಕೆಂಪರಾಜ್ ಹಟ ಹಿಡಿದ. “ಆ ಗೋಡೆ ಮೇಲೆ ಯಾರಾದ್ರೂ ಒಂದು ಚುಕ್ಕೆ ಇಟ್ರೂ ನಾನು ಮದುವೆಗೆ ಬರಲ್ಲ” ಎಂದು ಇಡೀ ಮುಖ್ಯರಸ್ತೆಗೆ ಕೇಳುವಂತೆ ಹೇಳಿದ. ಧಾರೆ ಎರೆಯಬೇಕಾದ ಅಪ್ಪನೇ ಬರದಿದ್ದರೆ ಮದುವೆ ಹೇಗೆ? ಯಮುನಾ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ತುರ್ತಾಗಿ ಬಂದದ್ದರಿಂದ ಮಾತಾಡಬೇಕಾಯಿತು.

ಮದುವೆಗೆ ಒಂದು ವಾರವಿರುವಾಗ ಬೀಗರು ಮಂಟಪ ನೋಡಲು ಬಂದರು. ಜೊತೆಗೆ ಸೂರ್ಯನ ಅಜ್ಜಿ ಚಿಕ್ಕಮುನಿಯಮ್ಮ. ಎಂಬತ್ತು ದಾಟಿದ ಗಟ್ಟಿ ಮುದುಕಿ. ಮನೆತನದಲ್ಲಿ ಆಕೆ ಅಕ್ಷತೆ ಹಾಕದೆ ಯಾವ ಮದುವೆಯೂ ನಡೆದಿರಲಿಲ್ಲ. ಆಕೆ ಬಾಗಿಲಲ್ಲಿ ಗೋಡೆ ನೋಡಿದಳು, ಚಪ್ಪಲಿ ಬಿಟ್ಟಳು, ಸೆರಗು ಹೊದ್ದಳು.

“ಯಾರ್ಗೇನಾಯ್ತವ್ವ?”

“ಯಾರಿಗೂ ಏನೂ ಆಗಿಲ್ಲ ಅಜ್ಜಿ. ಅದು ಕೆರೆ” ಎಂದಳು ಭಾಗ್ಯಲಕ್ಷ್ಮಿ.

“ಕೆರೆ ನಂಗೂ ಕಾಣ್ತೈತೆ. ಮೇಲ್ಗಡೆ ಜಾಗ ಬಿಟ್ಟವ್ರಲ್ಲ, ಅದ್ಯಾರ್ಗೆ?”

ಚಿಕ್ಕಮುನಿಯಮ್ಮ ಸೇರಿದವರ ಮೇಲೆಲ್ಲ ಒಂದು ಸಲ ಕಣ್ಣಾಡಿಸಿ ವಯಸ್ಸು ಅಂದಾಜು ಮಾಡಿದಳು.

“ಇಲ್ಲಿರೋರ್ನಾಗೆ ಎಲ್ಲಾರ್ಗಿಂತ ದೊಡ್ಡೋಳು ನಾನೇ. ನಂಗೇ ಇಟ್ಟವ್ರೆ” ಎಂದು ತೀರ್ಮಾನಿಸಿ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಕಾರಿನಲ್ಲಿ ಕೂತಳು.

ಸೂರ್ಯ ಹಿಂದೆಯೇ ಓಡಿದ. “ಅಜ್ಜಿ, ಪೇಂಟಿಂಗ್ ಅಜ್ಜಿ ಅದು!”

“ನೀನ್ ಮದ್ವೆ ಮಾಡ್ಕೊಳ್ಳಪ್ಪ. ನಾನು ಆ ಗ್ವಾಡೆ ಮುಂದಕ್ಕೆ ಬರಾಕಿಲ್ಲ.”

ಅಜ್ಜಿ ಬರದಿದ್ದರೆ ಮದುವೆ ಮುಂದಕ್ಕೆ ಹಾಕಬೇಕಾಗುತ್ತದೆ ಎಂದು ಸೂರ್ಯನ ತಂದೆ ಖಡಾಖಂಡಿತವಾಗಿ ಹೇಳಿದರು. ಹೀಗೆ ಲೆಕ್ಕ ಸ್ಪಷ್ಟವಾಯಿತು. ಗೋಡೆ ಹಾಗೇ ಉಳಿದರೆ ಗಂಡಿನ ಅಜ್ಜಿ ಬರುವುದಿಲ್ಲ, ಗೋಡೆ ಮುಟ್ಟಿದರೆ ಹೆಣ್ಣಿನ ಅಪ್ಪ ಬರುವುದಿಲ್ಲ. ಭಾಗ್ಯಲಕ್ಷ್ಮಿ ಮಂಟಪದ ಮೆಟ್ಟಿಲ ಮೇಲೆ ಕೂತು ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನು ಯಾರಿಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡಳು.

ಕೆಂಪರಾಜ್ ಕಾರಿನ ಕಿಟಕಿಗೆ ಹೋಗಿ ನಿಂತ. ಕ್ಷಮೆ ಕೇಳಲು ಅಲ್ಲ, ವಾದಿಸಲು.

“ಅಜ್ಜಿ, ಅದು ಬರೀ ಆಕಾಶ.”

“ಆಕಾಸ ಇಲ್ಲೂ ಐತಲ್ಲಪ್ಪ. ಇದನ್ನ ನೋಡಿದ್ರೆ ನಂಗೇನೂ ಆಗಲ್ಲ.”

“ಮಂಜು ಅದು. ಬೆಳಗ್ಗೆ ಹೊತ್ತು. ಇನ್ನೇನು ಬಿಸ್ಲು ಬರುತ್ತೆ.”

“ಯಾವಾಗ್ ಬತ್ತದೆ?”

ಗೋಡೆಯ ಮೇಲೆ ಬಿಸಿಲು ಬರುವ ಏರ್ಪಾಡು ಇರಲಿಲ್ಲ.

ಅಜ್ಜಿ ಎಲೆಯಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. “ಅಳಿಸ್ಬ್ಯಾಡ. ಕೈಕೆಲ್ಸ ನೇರ್ಪಾಗೈತೆ. ಆ ಜಾಗದಾಗೆ ಏನಾನಾ ಒಂದು ಇಡು, ಒಳಿಕ್ಕೆ ಬತ್ತೀನಿ.”

“ಏನಿಡ್ಲಿ ಅಜ್ಜಿ? ದೇವರ ಫೋಟೋನಾ?”

“ದೇವ್ರು ಅಲ್ಲೇ ಕರ್ಕೊಂಬುಟ್ಟಾನು, ಬ್ಯಾಡ. ಗಡಿಯಾರ ಇಡು. ಗಡಿಯಾರ ಐತೆ ಅಂದ್ರೆ ಇನ್ನಾ ಟೈಮ್ ಐತೆ ಅಂತ ತಾನೆ?”

ಆದಿನಾರಾಯಣಪ್ಪನವರಿಗೆ ಇದಕ್ಕಿಂತ ಸುಲಭದ ಬೇಡಿಕೆ ಬೇರೆ ಇರಲಿಲ್ಲ. ಊರಿನ ಮದುವೆಗಳಲ್ಲಿ ಗೋಡೆ ಗಡಿಯಾರದಷ್ಟು ಬರುವ ಉಡುಗೊರೆ ಇನ್ನೊಂದಿಲ್ಲ. ಎರಡೇ ಸಮಾರಂಭ ಕಳೆದಿದ್ದ ಮಂಟಪದ ಉಗ್ರಾಣದಲ್ಲಿ ಆಗಲೇ ಒಂದು ರಾಶಿ ಗಡಿಯಾರ ಬಿದ್ದಿದ್ದವು. ಅತ್ತು ಮನೆಗೆ ಹೋದವರು ಉಡುಗೊರೆ ಒಯ್ಯಲು ಮರೆತಿದ್ದರು. ಆದಿನಾರಾಯಣಪ್ಪನವರು ಅದರಲ್ಲಿ ತಟ್ಟೆಯಗಲದ, ಅಂಚಿಗೆಲ್ಲ ಚಿನ್ನದ ಬಣ್ಣದ ಕಿರಣಗಳಿದ್ದ ಒಂದನ್ನು ಆರಿಸಿ, ಪಂಚೆ ಎತ್ತಿ ಕಟ್ಟಿ, ಯಾರ ಮಾತೂ ಕೇಳದೆ ತಾವೇ ಏಣಿ ಹತ್ತಿದರು.

ಕೆಂಪರಾಜ್ ಕೊನೆಯ ಸಾಲಿನ ಕುರ್ಚಿಯಲ್ಲಿ ಗೋಡೆಗೆ ಬೆನ್ನು ಹಾಕಿ ಕೂತ. ಯಮುನಾ ಹೋಗಿ ಪಕ್ಕದಲ್ಲಿ ಕೂತಳು. ಅವಳು ಬೇಡಿಕೊಳ್ಳಲಿಲ್ಲ. “ನಡೂ ಮಧ್ಯಕ್ಕೆ ಹೊಡೀತಿದಾರೆ ಅಪ್ಪಾ” ಎಂದಳು.

ಅವನು ಕುರ್ಚಿಯನ್ನು ಇನ್ನಷ್ಟು ಬಾಗಿಲ ಕಡೆಗೆ ತಿರುಗಿಸಿಕೊಂಡ.

“ಮೊಳೆ ಇಟ್ರು.”

ಅವನು ತಿರುಗಿ ನೋಡಿದ. ಆದಿನಾರಾಯಣಪ್ಪನವರು ಮೊಳೆಯನ್ನು ಆಕಾಶದ ನಟ್ಟನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ ಹಿಡಿದು ಸುತ್ತಿಗೆ ಎತ್ತಿದ್ದರು.

“ಅಲ್ಲಲ್ಲಲ್ಲ!” ಕೆಂಪರಾಜ್ ಎದ್ದೇಬಿಟ್ಟ. “ಏನಣ್ಣ ನೀವು, ರೈಲ್ವೆ ಸ್ಟೇಷನ್ನಾ ಇದು? ಬಲಕ್ಕೆ! ಇನ್ನೂ ಬಲಕ್ಕೆ! ಎಡಗಡೆ ಮರ ಇದ್ಯಲ್ಲ, ತೂಕ ಎಲ್ಲಿ ಹೋಗ್ಬೇಕು? ಕೆಳಕ್ಕೆ. ದಡದ ಹತ್ರಕ್ಕೆ ಇಳಿಸಿ. ಇನ್ನೂ. ಆಂ, ಆಂ... ಸಾಕು. ಅಲ್ಲೇ.”

ಸುತ್ತಿಗೆ ಬಿತ್ತು. ಗಡಿಯಾರ ಆಚೆಯ ದಡದ ಮಂಜಿನ ಮೇಲೆ, ಬಲಕ್ಕೆ ಸರಿದು ನಿಂತಿತು. ಇಡೀ ಗೋಡೆ ಅದರ ಕಡೆಗೆ ತುಸು ತಿರುಗಿದ ಹಾಗಾಯಿತು. ವಾಲಿದ ಈಚಲು ಮರಕ್ಕೆ ವಾಲಲು ಕಾರಣ ಸಿಕ್ಕಿತು. ಕೆಂಪರಾಜ್ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ, “ಗಿಲೀಟು ಜಾಸ್ತಿಯಾಯ್ತು” ಎಂದನಂತೆ. ಮದುವೆಗೆ ಬರುವುದಿಲ್ಲ ಎಂಬ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಅಜ್ಜಿಯನ್ನು ಕರೆತಂದರು. ಆಕೆ ಬಾಗಿಲಲ್ಲಿ ನಿಂತು ನೋಡಿ, “ಈಗ ಜಾಗ ಇಲ್ಲ” ಎಂದು ಚಪ್ಪಲಿ ಬಿಡದೆ ಒಳಗೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಕಾಫಿ ಕೇಳಿದಳು. ಭಾಗ್ಯಲಕ್ಷ್ಮಿ ತಾಂಬೂಲದ ತಟ್ಟೆ ಹಿಡಿದು ಎದ್ದಳು.

ಮದುವೆಗೆ ನಾನು ಹೋಗಿದ್ದೆ. ಮದುಮಕ್ಕಳನ್ನು ನಡುವಿನಿಂದ ಎಡಕ್ಕೆ ಸರಿಸಿ ಕೂರಿಸಿದ್ದರು, ಕೆಂಪರಾಜನ ಅಪ್ಪಣೆಯಂತೆ. ಆ ಸಪ್ಪೆ ಬೂದು ಹಿನ್ನೆಲೆಯ ಮುಂದೆ ಯಮುನಾಳ ಅರಿಶಿನದ ಸೀರೆ ಎದ್ದು ಕಾಣುತ್ತಿತ್ತು. ಜನ ಜೋರಾಗಿ ಮಾತಾಡಿದರು, ಎಲೆಗೆ ಜಗಳವಾಡಿದರು, ಒಬ್ಬರೂ ಧೈರ್ಯ ಹೇಳಲಿಲ್ಲ. ಒಂದೇ ತೊಂದರೆಯಾದದ್ದು ಪುರೋಹಿತರಿಂದ. ಗಡಿಯಾರಕ್ಕೆ ಸೆಲ್ ಹಾಕಲು ಯಾರಿಗೂ ನೆನಪಾಗಿರಲಿಲ್ಲ. ಅದು ಅಂಗಡಿಯಿಂದ ಬಂದ ಹೊತ್ತನ್ನೇ ತೋರಿಸುತ್ತಿತ್ತು. ಅವರು ಆಗಾಗ ತಲೆ ಎತ್ತಿ ಅದನ್ನು ನೋಡಿ, ಮುಹೂರ್ತಕ್ಕೆ ಇನ್ನೂ ಸಮಯವಿದೆ ಎಂದು ಮಂತ್ರ ಬೆಳೆಸುತ್ತಲೇ ಇದ್ದರು. ಧಾರೆಯ ನೀರು ಹಿಡಿದು ಕಾದು ಕಾದು ಕೆಂಪರಾಜ್ ಚೊಂಬನ್ನು ಕೆಳಗಿಟ್ಟ ಮೇಲೆ ಸೂರ್ಯನ ತಂದೆ ತಮ್ಮ ಕೈಗಡಿಯಾರ ತೋರಿಸಿದರು. ಊಟ ತಡವಾಯಿತು. ನಿಂತ ಗಡಿಯಾರದ ಎದುರು ಚಿಕ್ಕಮುನಿಯಮ್ಮ ಬಹಳ ನಿಶ್ಚಿಂತೆಯಿಂದ ಕೂತಿದ್ದಳು.

ಆದಿನಾರಾಯಣಪ್ಪನವರು ವ್ಯವಹಾರಸ್ಥರು. ಈಗ ಮಂಟಪ ಎರಡಕ್ಕೂ ಸಿಗುತ್ತದೆ. ಮದುವೆ, ನಾಮಕರಣಗಳಿಗೆ ಗಡಿಯಾರ ಹಾಕುತ್ತಾರೆ, ಕುರ್ಚಿಗಳನ್ನು ಎಡಕ್ಕೆ ಇಡುತ್ತಾರೆ. ತಿಥಿಯ ಊಟಕ್ಕೆ ಗಡಿಯಾರ ಇಳಿಸಿ ನಡುವಿನ ಜಾಗದಲ್ಲಿ ಭಾವಚಿತ್ರ ನಿಲ್ಲಿಸುತ್ತಾರೆ. ಅಲಂಕಾರದ ಖರ್ಚು ಇಲ್ಲ. ತಿಥಿಯವರು ಮುಂಗಡ ಕಾಯ್ದಿರಿಸಲು ಶುರುಮಾಡಿದ್ದಾರೆಂದು ಕೇಳಿದ್ದೇನೆ. ಅದು ಹೇಗೆಂದು ನಾನು ವಿಚಾರಿಸಲಿಲ್ಲ.

ಗಡಿಯಾರ ಇಳಿಸಿದಾಗ ಮೊಳೆ ಉಳಿಯುತ್ತದೆ. ಹೊಳೆಯುವ ಉಕ್ಕಿನ ಮೊಳೆ ಮಂಜಿನ ನಡುವೆ ಕಣ್ಣಿಗೆ ಚುಚ್ಚುತ್ತದೆಂದು ಕೆಂಪರಾಜ್ ಒಂದು ದಿನ ಏಣಿ ಹತ್ತಿ ಅದಕ್ಕೆ ಬಣ್ಣ ಹಚ್ಚಿದ. ಬೂದುಬಣ್ಣಕ್ಕೆ ಚೂರು ಕೆಂಪು ಬೆರೆಸಿ. ಅದರ ಎರಡೂ ಬದಿಗೆ ಒಂದೊಂದು ಸಣ್ಣ ಗೆರೆ ಎಳೆದ.

“ಏನೋ ಅದು?” ಎಂದು ಕೆಳಗಿನಿಂದ ಆದಿನಾರಾಯಣಪ್ಪನವರು ಕೇಳಿದರು.

“ಹಕ್ಕಿ ಅಣ್ಣ.”

“ಸೀನರಿಗೆ ನಾಲ್ಕ್ ಹಕ್ಕಿ ಇರ್ಬೇಕಲ್ಲೋ.”

“ಇನ್ನು ಮೂರು ಮೊಳೆ ಹೊಡೀರಿ, ಬರೀತೀನಿ” ಎಂದ ಕೆಂಪರಾಜ್.